ಮಲಗಿಸುವ ಪೆಟ್ಟಿಗೆಯ ಕಂತು

ಖಡಕಿ, ಪುಣೆ
೧೨ ಮಾರ್ಚ್ ೨೦೨೫

ಶ್ರೀ ಶಿವಪುತ್ರಪ್ಪನವರಿಗೆ,

ಮಾರ್ಚ್ ಒಂಬತ್ತರ ಭಾನುವಾರ ನಮ್ಮ ಶರಣ ಬಳಗದ ಸಭಾಭವನಕ್ಕೆ ಬಂದಿದ್ದೆ. ಹೆಣ ಇಡುವ ತಂಪು ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿದ್ದ ಫಲಕ ಇರಲಿಲ್ಲ. ಅದೇ ಜಾಗದಲ್ಲಿ, ಅದೇ ನಾಲ್ಕು ತೂತುಗಳಿಗೆ ಹೊಸ ಸ್ಕ್ರೂ ಹಾಕಿ, ಬೇರೆ ಫಲಕ ಕೂರಿಸಿದ್ದೀರಿ: 'ದಾನಿಗಳು: ಶ್ರೀ ಈರಬಸಪ್ಪ ಹೊಸೂರ'. ನನ್ನ ಹೆಂಡತಿ ಶಿವಬಸವ್ವ ತೀರಿಕೊಂಡ ಮೇಲೆ ನಾನು ಮನೆಯಿಂದ ಹೊರಬರದ ಒಂದೂವರೆ ತಿಂಗಳಲ್ಲಿ ನೀವು ಮಾಡಿದ ಕೆಲಸ ಇದು. ನಾನು ದಾನಿಯಲ್ಲ. ಆ ಪೆಟ್ಟಿಗೆ ನನ್ನದಲ್ಲ. ಇದನ್ನು ಮೊದಲು ಬರೆದಿಟ್ಟು ಮುಂದಿನದನ್ನು ಬರೆಯುತ್ತೇನೆ.

ಫೋನಿನಲ್ಲಿ ಕೇಳಬಹುದಿತ್ತು, ನೀವು ಎತ್ತುವುದಿಲ್ಲ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ, ಅರ್ಧ ಗಂಟೆಯಲ್ಲಿ ನನ್ನನ್ನು ಗುಂಪಿನಿಂದ ತೆಗೆದಿರಿ. ಕಾಗದವನ್ನು ಹಾಗೆ ತೆಗೆದುಹಾಕಲು ಬರುವುದಿಲ್ಲ.

ಅಂದು ಕಾರ್ಯದರ್ಶಿ ಬಸವಪ್ರಭುವನ್ನೇ ಕೇಳಿದೆ. ಅವನು ಚಹದ ಲೋಟ ನನ್ನ ಕೈಗೆ ಕೊಟ್ಟು, ಮುಖ ಮಾತ್ರ ಬೇರೆ ಕಡೆ ಇಟ್ಟುಕೊಂಡು ಹೇಳಿದ: "ಅಧ್ಯಕ್ಷರು ಹೇಳ್ಯಾರ್ರೀ ಕಾಕಾ. ಕಾರ್ಡ ನಿಮ್ಮದು, ಬಿಲ್ಲ ನಿಮ್ಮದು. ಅಂದಮ್ಯಾಲ ದಾನಾನೂ ನಿಮ್ಮದು ಅಂತ." ಅಧ್ಯಕ್ಷರು ಎಂದರೆ ನೀವು.

ಕಾರ್ಡು ನನ್ನದು ಹೌದು. ಯಾಕೆ ನನ್ನದಾಯಿತು ಎಂಬುದು ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ. ಪಕ್ಕದ ಓಣಿಯ ಮಂಡಳದವರು ಇಂಥದೊಂದು ಪೆಟ್ಟಿಗೆ ತಂದರು ಎಂದು ನಿಮಗೆ ಒಂದು ತಿಂಗಳು ನಿದ್ದೆ ಇರಲಿಲ್ಲ. ಕಳೆದ ಧನತ್ರಯೋದಶಿಯ ದಿನ, ಊರೆಲ್ಲ ಬಂಗಾರದ ಅಂಗಡಿಗೆ ಹೋಗುವಾಗ, ನನ್ನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ರವಿವಾರ ಪೇಟೆಯ ಆಸ್ಪತ್ರೆ ಸಾಮಾನಿನ ಅಂಗಡಿಗೆ ಕರೆದೊಯ್ದಿರಿ. ದೀಪಾವಳಿಯ ರಿಯಾಯಿತಿ, ಹನ್ನೆರಡು ಕಂತು, ಬಡ್ಡಿ ಇಲ್ಲ, ಆದರೆ ಒಂದೇ ಬ್ಯಾಂಕಿನ ಕ್ರೆಡಿಟ್ ಕಾರ್ಡಿಗೆ. ಆ ಬ್ಯಾಂಕಿನಲ್ಲಿ ನನ್ನ ಪಿಂಚಣಿ ಬರುತ್ತದೆ, ಕಾರ್ಡನ್ನೂ ಅವರೇ ಗಂಟುಹಾಕಿದ್ದರು. ಬಳಗಕ್ಕೆ ಕಾರ್ಡಿಲ್ಲ, ತಿಂಗಳ ಕಂತಿನ ಹಣವನ್ನು ಬಳಗ ನನಗೆ ಚೆಕ್ಕಿನಲ್ಲಿ ಕೊಡುವುದೆಂದು ಮಾತಾಯಿತು. ನೀವಂತೂ "ನಾ ವ್ಯಾಪಾರಸ್ಥ, ಉದ್ರಿ ಕಾರ್ಡ ಇಟ್ಕೊಳ್ಳಾಂವ ಅಲ್ಲ" ಎಂದು ಎದೆ ಉಬ್ಬಿಸುವವರು.

ಅಂಗಡಿಯ ಹುಡುಗ ಮಂದಾರನನ್ನು ನಾನೇ ಕೇಳಿದೆ: ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಸಮಾಧಿ ಮಾಡುತ್ತೇವೆ, ಕೂರಿಸಿ ಇಡುವ ಪೆಟ್ಟಿಗೆ ಇದೆಯೇ? ಅವನು ಒಳ್ಳೆಯ ಹುಡುಗ, ಸುಳ್ಳು ಹೇಳಲಿಲ್ಲ. "ಆಹೇ ನಾ ಕಾಕಾ. ಪಣ ತೀ ಆರ್ಡರನೇ ಬನತೇ, ತಿಲಾ ಹಪ್ತಾ ನಾಹೀ." ಇದೆ, ಆದರೆ ಹೇಳಿ ಮಾಡಿಸಬೇಕು, ಅದಕ್ಕೆ ಕಂತಿಲ್ಲ. ಆಗ ನೀವು ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದ ಮಾತು ಇದು: "ಒಂದ ರಾತ್ರಿ ಮಲಗಿದ್ರ ಏನಾಗ್ತದೋ ಮಾರಾಯಾ? ಮುಂಜಾನೆ ಎಬ್ಬಿಸಿ ಕುಂದ್ರಸೂದು."

ಎಬ್ಬಿಸಿ ಎಂದಿರಿ. ಹೆಣವನ್ನು.

ಕಂತಿಗೆ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಆ ಪೆಟ್ಟಿಗೆ ಬಂತು. ನಿಮ್ಮ ಪಾತ್ರೆ ಅಂಗಡಿಯಲ್ಲಿ ಬಿಂದಿಗೆ ಬಟ್ಟಲುಗಳ ಮೇಲೆ ಹೆಸರು ಕೊರೆಯುವ ಯಂತ್ರದಿಂದ ನೀವೇ ನಿಮ್ಮ ಹೆಸರು ಕೊರೆದು ಫಲಕ ಮಾಡಿದಿರಿ. ಉದ್ಘಾಟನೆಯ ದಿನ ಶಿವಬಸವ್ವ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಎಲ್ಲರ ಮುಂದೆ ಕೇಳಿದಳು: "ಇದರಾಗ ನಾ ಹೆಂಗ ಕುಂದ್ರಲೆಪಾ ಶಿವಪುತ್ರಪ್ಪಾ?" ಜನ ನಕ್ಕರು. ನೀವೂ ನಕ್ಕಿರಿ. "ವೈನಿ, ನಿಮಗಿನ್ನೂ ಭಾಳ ವರ್ಷ ಅದ. ಅಷ್ಟರಾಗ ಕುಂದ್ರೂ ಪೆಟ್ಟಿಗಿ ತರತೇನಿ ತಗೋರಿ."

ಭಾಳ ವರ್ಷ ಇರಲಿಲ್ಲ. ಜನವರಿ ಇಪ್ಪತ್ತಮೂರರ ಮಧ್ಯಾಹ್ನ ಅವಳು ಹೋದಳು. ಮಗಳು ನೀತಾ ದೂರದ ತೇಜಪುರದ ಸೈನಿಕ ಆಸ್ಪತ್ರೆಯ ಕೆಲಸದಿಂದ ಬಂದು ಮುಟ್ಟುವುದು ಮರುದಿನ. ನೀವು ಟೆಂಪೊದಲ್ಲಿ ಪೆಟ್ಟಿಗೆ ತಂದಿರಿ.

ಈಗ ಪೆಟ್ಟಿಗೆಗೆ ಅಪಕೀರ್ತಿ ಬಂದಿದೆ. ಅದಕ್ಕೆ ಹೆಸರು ಬದಲಾಗಿದೆ. 'ಹೆಂಡತಿಗೆ ಹಂಗಾತಲ್ಲ, ಅವನ ಕೊಡಿಸಿದ ಪೆಟ್ಟಿಗಿನ ಅದು' ಎಂದು ಖಡಕಿ ಬಜಾರಿನಲ್ಲಿ ಜನ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಹಳೆಯ ಫಲಕವನ್ನು ಅದರ ಜಾಗಕ್ಕೆ ಹಾಕಿ. ಯಾಕೆ ತೆಗೆದಿರಿ ಎಂಬುದನ್ನು ಬಳಗದ ಮುಂದೆ ಹೇಳಿ.

ಇಷ್ಟು ವರ್ಷ ನಿಮ್ಮನ್ನು 'ನೀನು' ಎನ್ನುತ್ತಿದ್ದ,
ಈರಬಸಪ್ಪ ಹೊಸೂರ

*

ಖಡಕಿ ಬಜಾರ
೨೦ ಮಾರ್ಚ್ ೨೦೨೫

ಪ್ರಿಯ ಈರಬಸಪ್ಪ,

ನಿನ್ನ ಕಾಗದ ಮುಟ್ಟಿತು. ನಲವತ್ತು ವರ್ಷದ ಮೇಲೆ ನನಗೆ 'ನೀವು' ಅಂದಿ. ಓದಿದಾಗ ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಫಲಕದ ವಿಷಯ ದೊಡ್ಡದು ಮಾಡಬೇಡ. ಲೆಕ್ಕ ತಪಾಸಣೆಯವರು ಕೇಳಿದರು, ಬಿಲ್ಲು ಈರಬಸಪ್ಪನವರ ಹೆಸರಿನಲ್ಲಿ, ಫಲಕ ನಿಮ್ಮ ಹೆಸರಿನಲ್ಲಿ, ಇದು ಹೇಗೆ ಎಂದು. ಅದಕ್ಕೆ ಸರಿಮಾಡಿದೆ. ನಿನಗೆ ಗೌರವ ಆಗಲಿ ಎಂಬ ಭಾವನೆಯೂ ಇತ್ತು. ತಿಂಗಳ ಕಂತಿನ ಹಣ ಬಳಗದಿಂದ ನಿನಗೆ ತಪ್ಪದೆ ಬರುತ್ತಿದೆ, ಅದರಲ್ಲಿ ನನ್ನ ತಪ್ಪಿಲ್ಲ.

ವೈನಿಯವರಿಗೆ ಆದದ್ದಕ್ಕೆ ನನಗೂ ದುಃಖವಿದೆ. ಆದರೆ ಒಂದು ಮಾತು. ಪೆಟ್ಟಿಗೆ ನಿನ್ನ ಮನೆ ಬಾಗಿಲಿಗೆ ಬಂದಾಗ ನೀನು ಬೇಡ ಅನ್ನಲಿಲ್ಲ. ನೀತಾ ಬರುವ ತನಕ ಇಡಲೇಬೇಕು ಅಂದವರು ಯಾರು ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ನನ್ನದೊಂದು ಸೂಚನೆ. ಉಳಿದ ಕಂತುಗಳನ್ನು ಬ್ಯಾಂಕಿಗೆ ಒಮ್ಮೆಲೇ ಕಟ್ಟಿ ಪ್ರಕರಣ ಮುಗಿಸೋಣ. ಅವಧಿಗೆ ಮೊದಲು ಮುಗಿಸಿದರೆ ಅವರು ಏನೋ ಶುಲ್ಕ ಹಾಕುತ್ತಾರಂತೆ, ಅದನ್ನು ನನ್ನ ಕಿಸೆಯಿಂದ ಕೊಡುತ್ತೇನೆ. ನೀನು ಹೂಂ ಅನ್ನು, ಸಾಕು.

ನಿನ್ನ
ಶಿವಪುತ್ರಪ್ಪ

*

ಖಡಕಿ
೧ ಏಪ್ರಿಲ್ ೨೦೨೫

ಶ್ರೀ ಶಿವಪುತ್ರಪ್ಪನವರಿಗೆ,

ನನ್ನ ಮಗಳ ಹೆಸರನ್ನು ಇನ್ನೊಮ್ಮೆ ನಿಮ್ಮ ಕಾಗದದಲ್ಲಿ ಬರೆಯಬೇಡಿ.

ನಾನು ಬೇಡ ಅನ್ನಲಿಲ್ಲ ಎಂದು ಬರೆದಿದ್ದೀರಿ. ನಾನು ಅವಳ ಪಾದ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ. ಮುಚ್ಚಳ ತೆಗೆದವರು ನೀವು. "ಏಳೋ, ನಾ ಅದೇನಿ, ಎಲ್ಲಾ ನೋಡ್ಕೋತೇನಿ" ಎಂದವರು ನೀವು. ಹೆಂಡತಿಯ ಹೆಣದ ಮುಂದೆ ಕೂತವನ ಮೌನವನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿದವರನ್ನು ನಾನು ಈವರೆಗೆ ನೋಡಿರಲಿಲ್ಲ.

ಮರುದಿನ ನೀವು ರುದ್ರಭೂಮಿಯಲ್ಲಿ ದೂರ, ಬೇವಿನ ಮರದ ಕೆಳಗೆ ಫೋನಿನಲ್ಲಿ ಮಾತಾಡುತ್ತ ನಿಂತಿದ್ದಿರಿ. ನೀವು ಹತ್ತಿರ ನಿಂತು ನೋಡದೆ ಇದ್ದದ್ದನ್ನು ಹೇಳುತ್ತೇನೆ. ಮನೆಯಲ್ಲಿ ಮುಚ್ಚಳ ತೆಗೆದಾಗ ಅವಳು ಹಲಗೆಯಾಗಿದ್ದಳು. ನಾಲ್ವರು ಹಿಡಿದು ಎತ್ತಿ ಗೋಡೆಗೆ ಒರಗಿಸಿದರು, ಜಾರಿದಳು. ಮೊಣಕಾಲು ಮಡಿಸಲು ಹೋದರು. ನೀತಾ ನರ್ಸು, ನೂರು ಹೆಣ ನೋಡಿದವಳು. "ಬಿಡ್ರಿ. ಅವ್ವಗ ನೋಯಿಸಬ್ಯಾಡ್ರಿ," ಎಂದಳು. ಅಲ್ಲಿದ್ದವರೆಲ್ಲ ಕೈ ಬಿಟ್ಟರು. ಕೈಯಲ್ಲಿ ಇರಬೇಕಾದ ಲಿಂಗವನ್ನು ಎದೆಗೆ ಕಟ್ಟಿದೆವು. ಕೂತವರ ಅಳತೆಗೆ ತೋಡಿದ್ದ ಗುಂಡಿಯನ್ನು ಉದ್ದ ಮಾಡುವ ತನಕ ಅವಳು ಬಿಸಿಲಲ್ಲಿ ಚಟ್ಟದ ಮೇಲೆ ಮಲಗಿದ್ದಳು, ನಾವು ಗುದ್ದಲಿಯ ಸಪ್ಪಳ ಕೇಳುತ್ತ ನಿಂತಿದ್ದೆವು. ಐನೋರು ನನ್ನ ಸಮಾಧಾನಕ್ಕೆ "ಶರಣರಿಗೆ ಕುಂತರೇನ, ಮಲಗಿದರೇನ, ಎಲ್ಲಾ ಒಂದ" ಎಂದರು. ದೊಡ್ಡ ಮಾತು, ಅವರು ಹೇಳಬಹುದು. ನೀವು ಹೇಳುವಂತಿಲ್ಲ.

ಯಾಕೆಂದರೆ ನಿಮ್ಮ ತಂದೆ ತೀರಿದ ದಿನ ನನಗೆ ನೆನಪಿದೆ. ತೊಂಬತ್ತೊಂದರ ಆಷಾಢ. ನಿಮ್ಮ ಅಣ್ಣ ಭೋರಿನಿಂದ ಬರಬೇಕು, ಘಾಟಿನಲ್ಲಿ ಗುಡ್ಡ ಕುಸಿದು ಬಸ್ಸು ನಿಂತಿತ್ತು. ಮನೆಯ ಗಂಡಸರಿಗೆ ಕೈಕಾಲು ಆಡಲಿಲ್ಲ. ಶಿವಬಸವ್ವ ಸೆರಗು ಕಟ್ಟಿಕೊಂಡು ಬಂದಳು. ಮೈ ಬಿಸಿ ಆರುವ ಮೊದಲೇ ಕಾಲು ಮಡಿಸಿಸಿದಳು, ಗೋಡೆಗೆ ಮೊಳೆ ಹೊಡೆಸಿ ಪಂಚೆಯಿಂದ ಕಟ್ಟಿಸಿದಳು, ಹಣೆಗೆ ವಿಭೂತಿ ಹಚ್ಚಿದಳು. ಮಧ್ಯಾಹ್ನ ಗಂಟು ಸಡಿಲಾಗಿ ಅವರು ಒಂದು ಕಡೆ ವಾಲಿದಾಗ, ನಿಮ್ಮ ಅಣ್ಣ ಬಾಗಿಲಲ್ಲಿ ಕಾಣಿಸುವ ತನಕ ತನ್ನ ಕೈಯನ್ನು ಅವರ ಬೆನ್ನಿಗೆ ಕೊಟ್ಟು ಕೂತಳು. ಊಟ ಮಾಡಲಿಲ್ಲ. ನೀವು ಅಂದು ಅವಳ ಕಾಲಿಗೆ ಬಿದ್ದಿರಿ. ನಿಮ್ಮ ತಂದೆ ರಾಜನ ಹಾಗೆ ಕೂತು ಹೋದರು. ಅವರ ಬೆನ್ನು ಹಿಡಿದವಳನ್ನು ನೀವು ಕಂತಿಗೆ ಸಿಕ್ಕ ಪೆಟ್ಟಿಗೆಯಲ್ಲಿ ಮಲಗಿಸಿದಿರಿ.

ಹಣವನ್ನು ಒಮ್ಮೆಲೇ ಕಟ್ಟಿ ಮುಗಿಸೋಣ ಎಂದಿದ್ದೀರಿ. ಇಲ್ಲ. ಕಂತಿನ ಆಸೆಗೆ ಕೊಂಡದ್ದು ಕಂತಿನಲ್ಲೇ ತೀರಲಿ. ಪ್ರತಿ ತಿಂಗಳು ಐದನೆಯ ತಾರೀಖು ನನ್ನ ಫೋನು ಗುಂಯ್ ಎನ್ನುತ್ತದೆ, ಬ್ಯಾಂಕು ಆ ಪೆಟ್ಟಿಗೆಯನ್ನು ನನಗೆ ನೆನಪಿಸುತ್ತದೆ. ನಿಮಗೆ ನೆನಪಿಸುವವರು ಯಾರೂ ಇಲ್ಲ. ಇಷ್ಟು ದಿನ ಬಳಗದ ಚೆಕ್ಕನ್ನು ಬಸವಪ್ರಭು ಮನೆಗೆ ತಂದು ಕೊಡುತ್ತಿದ್ದ. ಇನ್ನು ಅವನಿಗೆ ತೊಂದರೆ ಬೇಡ. ಐದನೆಯ ತಾರೀಖಿಗೆ ನಾನೇ ನಿಮ್ಮ ಅಂಗಡಿಗೆ ಬರುತ್ತೇನೆ. ನನ್ನೆದುರು ಸಹಿ ಮಾಡಿ.

ಈರಬಸಪ್ಪ ಹೊಸೂರ

*

ಖಡಕಿ ಬಜಾರ
೬ ಜೂನ್ ೨೦೨೫

ಈರಬಸಪ್ಪ,

ಏಪ್ರಿಲಿನಲ್ಲಿ ಬಂದಿ, ಸುಮ್ಮನಿದ್ದೆ. ಮೇ ತಿಂಗಳು ಬಂದಿ, ಸಹಿಸಿಕೊಂಡೆ. ನಿನ್ನೆ ಮಾಡಿದ್ದನ್ನು ಸಹಿಸಲಾರೆ.

ನಿನ್ನೆ ನನ್ನ ಅಂಗಡಿಯಲ್ಲಿ ಚಿಂಚವಡದ ದೊಡ್ಡ ಮನೆಯವರು ಮಗಳ ಮದುವೆಗೆ ಪಾತ್ರೆ ಆರಿಸುತ್ತಿದ್ದರು. ನೀನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು "ಕಂತಿಗೆ ಬಂದೇನಿ" ಎಂದು ಮೂರು ಸಲ ಕೂಗಿದಿ. ಮದುಮಗಳ ಅಜ್ಜಿ ಪಾಪ ಮರ್ಯಾದೆಯಿಂದ "ಕಸಲಾ ಹಪ್ತಾ ಹೋ, ಭಾವೂ?" ಎಂದು ಕೇಳಿದರೆ, "ಮಢ್ಯಾಚ್ಯಾ ಪೇಟೀಚಾ" ಎಂದಿ. ಹೆಣದ ಪೆಟ್ಟಿಗೆಯ ಕಂತು ಅಂತ. ಅವರ ಕೈಯಲ್ಲಿ ಕಲಶ ಇತ್ತು. ಅದನ್ನು ಕೆಳಗಿಟ್ಟು ಎದ್ದು ಹೋದರು. ನಿನಗೆ ಬುದ್ಧಿ ಅದನೋ ಇಲ್ಲೋ? ಪುಸ್ತಕ ಓದಿ ಓದಿ ಇದ ಕಲತೀಯೇನು? ಪೇಪರಿಗೆ ಪತ್ರ ಬರೆಯುವವ ನೀನು, ಮುನಸಿಪಾಲ್ಟಿಯವರಿಗೆ ನಾಗರಿಕತೆ ಹೇಳುವವ.

ನನ್ನ ವ್ಯಾಪಾರ ಹಾಳು ಮಾಡಿದರೆ ವೈನಿ ಎದ್ದು ಬರುತ್ತಾರೇನು?

ಶಿವಪುತ್ರಪ್ಪ

*

ಖಡಕಿ
೫ ಜುಲೈ ೨೦೨೫

ಶ್ರೀ ಶಿವಪುತ್ರಪ್ಪನವರಿಗೆ,

ಬರುವುದಿಲ್ಲ. ಬರುತ್ತಾಳೆ ಎಂದು ನಾನು ಹೇಳಿಲ್ಲ. ಮುಂಜಾನೆ ಎಬ್ಬಿಸುತ್ತೇನೆ ಎಂದವರು ನೀವು.

ಅವರು ಕೇಳಿದರು, ನಾನು ನಿಜ ಹೇಳಿದೆ. ಇಂದೂ ಬಂದಿದ್ದೆ. ನೀವು ಒಳಗಿನ ಗೋದಾಮಿನಲ್ಲಿ ಇದ್ದಿರಿ, ನಿಮ್ಮ ಚಪ್ಪಲಿ ಹೊರಗೆ ಕಾಣುತ್ತಿತ್ತು. ಮಗ ಮಾಂತು ಸಹಿಯಾದ ಚೆಕ್ಕು ತಂದು ಕೊಟ್ಟ. ಸುಸಂಸ್ಕೃತ ಹುಡುಗ, ನನ್ನ ಪಾದ ಮುಟ್ಟಿದ. ಅವನ ಮುಂದೆ ನಾನು ಕೂಗಲಿಲ್ಲ.

ಫಲಕ ಇನ್ನೂ ಹಾಗೆಯೇ ಇದೆ. ಆಗಸ್ಟಿನಲ್ಲೂ ಬರುತ್ತೇನೆ. ಶ್ರಾವಣ, ಗಿರಾಕಿಗಳು ಹೆಚ್ಚು.

ಈರಬಸಪ್ಪ ಹೊಸೂರ

*

ವಾಕಡ
೨೧ ಸೆಪ್ಟೆಂಬರ್ ೨೦೨೫

ಈರಬಸಪ್ಪ ಕಾಕಾರಿಗೆ ಸಪ್ನಾ ಮಾಡುವ ನಮಸ್ಕಾರಗಳು.

ನೀವು ಫೋನಿಗಿಂತ ಕಾಗದ ಇಷ್ಟಪಡುತ್ತೀರಿ ಎಂದು ಮಾಂತು ಹೇಳಿದರು. ನನ್ನ ಕನ್ನಡ ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಿ, ಶಾಲೆ ಎಲ್ಲ ಮರಾಠಿಯಲ್ಲೇ ಆದದ್ದು.

ಆಗಸ್ಟ್ ಕೊನೆಗೆ ಮಾವನವರಿಗೆ ಎದೆನೋವು ಬಂತು. ಸ್ಟೆಂಟ್ ಹಾಕಿದ್ದಾರೆ. ಈಗ ನಮ್ಮ ಹತ್ತಿರ ವಾಕಡದಲ್ಲೇ ಇದ್ದಾರೆ. ಅಂಗಡಿಗೆ ಹೋಗುವುದಿಲ್ಲ. ಆದರೂ ಈ ತಿಂಗಳ ಐದನೆಯ ತಾರೀಖು ಬೆಳಿಗ್ಗೆಯೇ ಎದ್ದು ಅಂಗಿ ಹಾಕಿಕೊಂಡು ಸೋಫಾದ ಮೇಲೆ ಕೂತರು. ಯಾಕೆ ಎಂದು ಕೇಳಿದರೆ "ಅಂವ ಬರತಾನ" ಅಂದರು.

ಕಾಕಾ, ನಿಮಗೆ ಒಂದು ಒಳ್ಳೆಯ ಸುದ್ದಿ ಹೇಳಬೇಕು. ಆಸ್ಪತ್ರೆಯಿಂದ ಬಂದ ವಾರದಲ್ಲೇ ಮಾವನವರು ಸೊಲ್ಲಾಪುರದಲ್ಲಿ ಕೂರಿಸುವ ಪೆಟ್ಟಿಗೆ ಮಾಡಿಸಲು ಹೇಳಿದರು. ಮಾಂತು ಅವರ ಕಾರ್ಡಿನ ಮೇಲೆ, ಹದಿನೆಂಟು ಕಂತು. ಈಗ ಅದಕ್ಕೂ ಕಂತು ಕೊಡುತ್ತಾರೆ. ಮುಂದೆ ಗಾಜು, ಒಳಗೆ ಪೀಠ, ಬೆನ್ನಿಗೆ ಆಧಾರ, ಎಲ್ಲ ಇದೆ. "ನನ್ನ ಆ ಹಳೇದರಾಗ ಮಲಗಿಸಬ್ಯಾಡ್ರಿ, ಆಣಿ ಮಾಡ್ರಿ" ಎಂದು ನಮ್ಮಿಬ್ಬರ ಕೈ ಹಿಡಿದುಕೊಂಡರು. ನವೆಂಬರ್ ಹದಿನಾರರ ವಾರ್ಷಿಕ ಸಭೆಯಲ್ಲಿ ಅದರ ಉದ್ಘಾಟನೆ. ಮಾವನವರ ಹೆಸರಿನ ಫಲಕ ಸಿದ್ಧವಾಗಿದೆ. ಹಳೆಯದನ್ನು ಅಂದೇ ಗುಜರಿಗೆ, ಭಂಗಾರದವನಿಗೆ, ಕೊಡುತ್ತಾರಂತೆ.

ಇನ್ನು ಮುಂದೆ ಯಾರಿಗೂ ಶಿವಬಸವ್ವ ಕಾಕುವಿಗೆ ಆದ ಹಾಗೆ ಆಗುವುದಿಲ್ಲ. ಅದಕ್ಕೆ ನೀವೇ ಬಂದು ದೀಪ ಹಚ್ಚಬೇಕು ಎಂದು ನನ್ನ ಆಸೆ. ಮಾವನವರಿಗೆ ಹೇಳಿಲ್ಲ. ಸಿಟ್ಟು ಬಿಡಿ ಕಾಕಾ.

ನಿಮ್ಮ ಮಗಳಂಥವಳು,
ಸಪ್ನಾ

*

ಖಡಕಿ
೫ ನವೆಂಬರ್ ೨೦೨೫

ಶ್ರೀ ಶಿವಪುತ್ರಪ್ಪನವರಿಗೆ, ಮತ್ತು ಶರಣ ಬಳಗದ ಎಲ್ಲ ಸದಸ್ಯರ ಮನೆಗಳಿಗೆ,

ಇಂದು ಬೆಳಿಗ್ಗೆ ಬ್ಯಾಂಕಿನ ಸಂದೇಶ ಬಂತು. ಹನ್ನೆರಡನೆಯ ಕಂತು. ಪೆಟ್ಟಿಗೆಯ ಸಾಲ ತೀರಿತು. ಈ ಕಾಗದದ ಪ್ರತಿಗಳನ್ನು ಎಲ್ಲ ಸದಸ್ಯರಿಗೂ ಅಂಚೆಯಲ್ಲಿ ಕಳಿಸಿದ್ದೇನೆ, ಇದನ್ನು ಯಾರೂ ಗುಂಪಿನಿಂದ ತೆಗೆಯದಿರಲಿ ಎಂದು.

ನಿಮ್ಮ ಸೊಸೆಗೆ ನಾನು ಉತ್ತರ ಬರೆದಿಲ್ಲ. ಆ ಹುಡುಗಿಯ ಮನಸ್ಸು ತಿಳಿಯಾಗಿದೆ, ನನ್ನ ಉತ್ತರ ಅದನ್ನು ಕಲಕುತ್ತಿತ್ತು. ಅವಳು ಒಳ್ಳೆಯ ಸುದ್ದಿ ಎಂದು ಬರೆದದ್ದನ್ನು ನಾನು ಎರಡು ದಿನ ಮೇಜಿನ ಮೇಲೆ ಇಟ್ಟು ನೋಡಿದೆ. ನಿಮ್ಮ ಎದೆನೋವಿನ ವಿಷಯ ತಿಳಿದು ಅಕ್ಟೋಬರಿನಲ್ಲಿ ನಾನು ಬರಲಿಲ್ಲ. ಮಾಂತು ಆ ತಿಂಗಳ ಚೆಕ್ಕನ್ನೂ ಈ ತಿಂಗಳದನ್ನೂ ಮನೆಗೆ ತಂದು ಕೊಟ್ಟ. ಇದನ್ನು ಕರುಣೆ ಎಂದು ತಿಳಿಯಬೇಡಿ. ನೀವು ಚೆನ್ನಾಗಿರಬೇಕು. ಹದಿನಾರನೆಯ ತಾರೀಖು ಸಭೆಗೆ ಬರುವಷ್ಟು, ವೇದಿಕೆ ಹತ್ತುವಷ್ಟು, ಮೈಕು ಹಿಡಿಯುವಷ್ಟು ಚೆನ್ನಾಗಿರಬೇಕು. ದಿನಾ ಲಿಂಗಪೂಜೆಯಲ್ಲಿ ಇದನ್ನೇ ಬೇಡುತ್ತಿದ್ದೇನೆ.

ಸೊಲ್ಲಾಪುರದಲ್ಲಿ ಪೆಟ್ಟಿಗೆ ಮಾಡಿಸಿದಿರಿ. ಪೀಠ ಇದೆ, ಬೆನ್ನಿಗೆ ಆಧಾರ ಇದೆ. ಒಂದು ರಾತ್ರಿ ಮಲಗಿದರೆ ಏನಾಗುತ್ತದೆ ಎಂದು ರವಿವಾರ ಪೇಟೆಯಲ್ಲಿ ಕೇಳಿದವರಿಗೆ ಉತ್ತರ ಈಗ ಸಿಕ್ಕಿದೆ, ಸರದಿ ತಮ್ಮದು ಎಂದು ಅನಿಸಿದಾಗ. ನನ್ನ ಹೆಂಡತಿಗೆ ಮಲಗುವ ಪೆಟ್ಟಿಗೆ ಸಾಕಾಯಿತು, ನಿಮಗೆ ಸಾಕಾಗಲಿಲ್ಲ. ಮಕ್ಕಳ ಕೈ ಹಿಡಿದು ಆಣೆ ಹಾಕಿಸಿಕೊಂಡಿರಿ. ಅವಳಿಗೆ ಕೈ ಹಿಡಿದು ಕೇಳಿಕೊಳ್ಳುವ ಪುರಸೊತ್ತು ಇರಲಿಲ್ಲ. ಅವಳು ನಗುನಗುತ್ತ ಒಂದೇ ಸಲ ಕೇಳಿದಳು, ನಿಮ್ಮನ್ನೇ ಕೇಳಿದಳು.

ಹೊಸ ಪೆಟ್ಟಿಗೆ ಬರಲಿ. ಖಡಕಿಯ ಯಾವ ಮನೆಗೂ ಇನ್ನು ಆ ಗತಿ ಬಾರದಿರಲಿ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಅದರ ಮೇಲೆ ನಿಮ್ಮ ಹೆಸರು, ಹಳೆಯದರ ಮೇಲೆ ನನ್ನ ಹೆಸರು, ಹಳೆಯದು ಭಂಗಾರದವನ ಗಾಡಿಗೆ: ಈ ಲೆಕ್ಕಕ್ಕೆ ನಾನು ಒಪ್ಪುವುದಿಲ್ಲ. ಬಿಲ್ಲು ನನ್ನದು, ಕಾರ್ಡು ನನ್ನದು, ಆದ್ದರಿಂದ ಪೆಟ್ಟಿಗೆಯೂ ನನ್ನದು ಎಂದು ನೀವೇ ಲಿಖಿತವಾಗಿ ಕೊಟ್ಟಿದ್ದೀರಿ. ಸರಿ, ಹಾಗೇ ಆಗಲಿ. ನನ್ನದನ್ನು ಮಾರಲು ನೀವು ಯಾರು? ಬಳಗದ ಹನ್ನೆರಡು ಚೆಕ್ಕಿನ ಹಣವನ್ನು ಇಂದು ಬಳಗದ ಖಾತೆಗೆ ಹಿಂದಿರುಗಿಸಿದ್ದೇನೆ. ಒಂದನ್ನೂ ನಾನು ಖರ್ಚು ಮಾಡಿರಲಿಲ್ಲ. ಕಂತು ಕಟ್ಟಿದ್ದು ನನ್ನ ಪಿಂಚಣಿಯಿಂದ. ನಾನು ನಿಮ್ಮ ಅಂಗಡಿಗೆ ಬರುತ್ತಿದ್ದುದು ಹಣಕ್ಕೆ ಎಂದು ನೀವು ತಿಳಿದಿದ್ದಿರಿ.

ಆ ಪೆಟ್ಟಿಗೆ ಈಗ ಪೂರ್ತಿ ನನ್ನದು. ಸಭೆಯ ದಿನ ಅದು ವೇದಿಕೆಯ ಎದುರು, ನಿಮ್ಮ ಹೊಸ ಪೆಟ್ಟಿಗೆಯ ಪಕ್ಕದಲ್ಲೇ ಇರುತ್ತದೆ. ಮುಚ್ಚಳ ತೆರೆದಿರುತ್ತದೆ. ಬಸವಪ್ರಭುವಿಗೆ ಹೇಳಿದ್ದೇನೆ, ಮೊದಲು ಬೇರೆ ಕಡೆ ನೋಡಿದ, ಆಮೇಲೆ "ಆತ್ರೀ ಕಾಕಾ, ನಾನ ನಿಂತು ಇಡಸ್ತೇನಿ" ಎಂದ. ನೀತಾ ರಜೆ ಹಾಕಿ ಬರುತ್ತಿದ್ದಾಳೆ. ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಬಳಗದ ಸದಸ್ಯರೇ, ನೀವೆಲ್ಲ ಉದ್ಘಾಟನೆಯ ದಿನ ಅಲ್ಲಿದ್ದಿರಿ, ನಕ್ಕಿದ್ದಿರಿ, ಫಲಕ ಓದಿದ್ದಿರಿ. ನಿಮ್ಮಿಂದ ನಾನು ಸಾಕ್ಷಿ ಬೇಡುವುದಿಲ್ಲ. ಎದ್ದು ಹೋಗದೆ ಕೂತಿರಿ, ಅಷ್ಟು ಸಾಕು.

ಶಿವಪುತ್ರಪ್ಪನವರೇ, ನನಗೆ ಕ್ಷಮಾಪಣೆ ಬೇಡ. ಕ್ಷಮಿಸುವ ಅಧಿಕಾರ ಇದ್ದವಳು ಉದ್ದ ಗುಂಡಿಯಲ್ಲಿದ್ದಾಳೆ. ದೀಪ ಹಚ್ಚುವ ಮೊದಲು ಒಂದೇ ಪ್ರಶ್ನೆಗೆ ಉತ್ತರ ಬೇಕು. ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಹೇಳಬೇಡಿ. ಎದ್ದು ನಿಂತು, ಕೊನೆಯ ಸಾಲಿಗೂ ಕೇಳುವ ಹಾಗೆ ಹೇಳಿ: ಜನವರಿ ಇಪ್ಪತ್ತಮೂರರ ಮಧ್ಯಾಹ್ನ, ನೀವು ಶಿವಬಸವ್ವನನ್ನು ಮಲಗಿಸಿದಾಗ, ಆ ಪೆಟ್ಟಿಗೆಯ ಮೇಲೆ ಯಾರ ಹೆಸರಿತ್ತು?

ಶಿವಬಸವ್ವನ ಗಂಡ,
ಈರಬಸಪ್ಪ ಹೊಸೂರ